ಕೊಟ್ರಯ್ಯನ ಬೋಲ್ಟು

ಶೆಡ್ಡಿನೊಳಗೆ ಗಾಡಿ ಚಾಲೂ ಇತ್ತು. ಕೊಟ್ರಯ್ಯ ಹತ್ತನೇ ನಂಬರಿನ ಪಾನಾದಿಂದ ಲಾಕ್ ನಟ್ಟು ಸಡಿಲಿಸಿ, ಬಲಗೈಯ ಸ್ಕ್ರೂಡ್ರೈವರಿನಿಂದ ಬೋಲ್ಟನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದ. ಕಣ್ಣು ಮಾತ್ರ ಎಂಜಿನ್ನಿನ ಮೇಲಿರಲಿಲ್ಲ. ಎದುರಿಗೆ ಮನೆಯ ಹೊಸ್ತಿಲ ಮೇಲೆ ಅವನ ಹೆಂಡತಿ ಚೆನ್ನಬಸಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಇನ್ನೊಂದು ಕೂದಲೆಳೆ ತಿರುಗಿಸಿದ. ಅವಳ ಕೈ ನಿಂತಿತು. ಕೊಟ್ರಯ್ಯ ಬೋಲ್ಟು ಅಲುಗದಂತೆ ಹಿಡಿದು ನಟ್ಟು ಬಿಗಿದ.

"ಆಯ್ತು, ನೋಡ್ರಿ" ಎಂದ.

ದೋಣಿಮಲೈ ಗಣಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಆ ಗಿರಾಕಿ ಎಕ್ಸಲರೇಟರ್ ಎರಡು ಸಲ ತಿರುವಿ ನೋಡಿ ತಲೆದೂಗಿದ. "ಟಿಕ್ ಟಿಕ್ ಅನ್ನೋದು ಸುದ್ದೀನ ಇಲ್ಲ. ಏನ್ ಕಿವಿ ಅದಾವ್ ಮೇಸ್ತ್ರಿ ನಿಮಗ."

ಕೊಟ್ರಯ್ಯ ನಕ್ಕ. ಅವನಲ್ಲಿ ಈಗ ಇಂಥ ಒಂದು ನಗು ಇತ್ತು. ಹೊಗಳಿದರೂ ಬೈದರೂ ಹವಾಮಾನ ಕೇಳಿದರೂ ಹೊಂದುವಂಥ ನಗು. ಎದುರಿನವರ ಮಾತು ಕೇಳಿಸದೇ ಹೋದಾಗಲೆಲ್ಲ ಅದನ್ನು ಮುಂದೆ ಮಾಡುತ್ತಿದ್ದ.

ಸಣ್ಣ ಬೈಕುಗಳ ಎಂಜಿನ್ನಿನೊಳಗೆ ಒಂದು ತೆಳ್ಳನೆಯ ಚೈನು ಇರುತ್ತದೆ. ನಲವತ್ತು ಐವತ್ತು ಸಾವಿರ ಕಿಲೋಮೀಟರು ಓಡಿದ ಮೇಲೆ ಅದು ಜೋಲು ಬಿದ್ದು, ಗೂಡಿನ ಗೋಡೆಗೆ ಬಡಿದು ಟಿಕ್ ಟಿಕ್ ಎನ್ನತೊಡಗುತ್ತದೆ. ಅದನ್ನು ಎಳೆದು ಹಿಡಿಯಲು ಕಂಪನಿಯವರು ಕೊಟ್ಟ ಸ್ಪ್ರಿಂಗಿಗೂ ಆ ಹೊತ್ತಿಗೆ ಸುಸ್ತು ಬಂದಿರುತ್ತದೆ. ಕೊಟ್ರಯ್ಯ ಆ ಸ್ಪ್ರಿಂಗು ಕಿತ್ತು, ಅದರ ಜಾಗದಲ್ಲಿ ಲೇಥ್ ಅಂಗಡಿಯಲ್ಲಿ ತಾನೇ ಮಾಡಿಸಿದ ಬೋಲ್ಟು ಕೂಡಿಸುತ್ತಿದ್ದ. ಅದನ್ನು ಎರಡು ಮೂರು ತಿಂಗಳಿಗೊಮ್ಮೆ ಕೈಯಿಂದ ತಿರುವಿ ಹದಕ್ಕೆ ತರಬೇಕು. ಕಡಿಮೆಯಾದರೆ ಟಿಕ್ ಟಿಕ್ ನಿಲ್ಲುವುದಿಲ್ಲ. ಹೆಚ್ಚಾದರೆ ಕುಂಯ್ ಎಂಬ ಸಣ್ಣ ಸಿಳ್ಳು ಹುಟ್ಟಿ, ಚೈನು ತನ್ನನ್ನು ತಾನೇ ತಿಂದುಕೊಂಡು ಒಂದು ದಿನ ಹರಿದು, ವಾಲ್ವು ಪಿಸ್ಟನ್ನುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆ ಟಿಕ್ಕಿಗೂ ಈ ಕುಂಯ್‌ಗೂ ನಡುವೆ ಇರುವುದು ಕಾಲು ಸುತ್ತಿನ ಜಾಗ. ಅದನ್ನು ಕಿವಿಯಿಂದಲೇ ಹುಡುಕಬೇಕು, ಬೇರೆ ಅಳತೆಪಟ್ಟಿ ಯಾವುದೂ ಇಲ್ಲ. ಕಂಪ್ಲಿಯಿಂದ, ಸಂಡೂರಿನಿಂದ, ಕಡ್ಡಿರಾಂಪುರದಿಂದ ಜನ ಕೊಟ್ರಯ್ಯನ ಬೋಲ್ಟು ತಿರುವಿಸಿಕೊಳ್ಳಲು ಹೊಸಪೇಟೆಯ ಚಿತ್ತವಾಡ್ಗಿಗೆ ಬರುತ್ತಿದ್ದರು. ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು.

ಆ ಕಿವಿ ಹೋಗಿ ಮೂರು ವರ್ಷವಾಗಿತ್ತು.

ಪೂರ್ತಿ ಹೋಗಿರಲಿಲ್ಲ. ಗುಡುಗು, ಬಸ್ಸು, ಎಂಜಿನ್ನಿನ ದಪ್ಪ ಬಡಿತ, ಹತ್ತಿರ ನಿಂತು ಜೋರಾಗಿ ಆಡಿದ ಮಾತು ಕೇಳುತ್ತಿದ್ದವು. ಹೋದದ್ದು ಸಣ್ಣ ಸಪ್ಪಳಗಳು. ಮೊದಲು ಕುಕ್ಕರಿನ ಸಿಳ್ಳೆ ಹೋಯಿತು, ಆಮೇಲೆ ಫೋನಿನ ರಿಂಗು, ಕಡೆಗೆ ಚೈನಿನ ಟಿಕ್ ಟಿಕ್. ಅದಿರಿನ ಧಂದೆ ಜೋರಿದ್ದ ಕಾಲದಲ್ಲಿ ಸಂಡೂರಿನ ಕಡೆ ಒಂದು ಕ್ರಷರಿನಲ್ಲಿ ಎಂಟು ವರ್ಷ ರಾತ್ರಿ ಪಾಳಿಯ ಫಿಟ್ಟರಾಗಿದ್ದ. ಕಿವಿಗೆ ಅರಳೆ ಇಟ್ಟುಕೋ ಎಂದು ಹೇಳುವವರು ಆಗ ಯಾರಿದ್ದರು? ಹೊಸಪೇಟೆಯ ಕಿವಿ ಡಾಕ್ಟರು ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ನೇರವಾಗಿಯೇ ಹೇಳಿ ಮಷೀನು ಕೊಟ್ಟರು. ಅದನ್ನು ಹಾಕಿಕೊಂಡು ಎಂಜಿನ್ನಿನ ಪಕ್ಕ ಕೂತರೆ ಲೋಕದ ಸಪ್ಪಳವೆಲ್ಲ ಮಿಕ್ಸಿಗೆ ಹಾಕಿ ತಿರುವಿದ ಹಾಗೆ ಕೇಳುತ್ತಿತ್ತು. ಟಿಕ್ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅವನು ಅದನ್ನು ತೆಗೆದು ವಾಷರುಗಳ ಡಬ್ಬಿಯೊಳಗೆ ಹಾಕಿದ. ಒಂದು ವಾರ ಪಾನಾ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ. ಅವನು ಅತ್ತದ್ದನ್ನು ಚೆನ್ನಬಸಮ್ಮ ಮದುವೆಯಾದ ಮೇಲೆ ಮೊದಲ ಸಲ ಕಂಡಳು.

"ನಂಗ ಕೇಳತೈತಲ್ಲ" ಎಂದಳು ಎಂಟನೆಯ ದಿನ, ಅವನ ಕಿವಿಯ ಹತ್ತಿರ ಬಾಯಿ ತಂದು. "ನಾ ಹೇಳ್ತೀನಿ. ನೀ ತಿರುವು."

ಇಪ್ಪತ್ತಾರು ವರ್ಷ ಆ ಶೆಡ್ಡಿನ ಎದುರಿಗೇ ಅಡುಗೆ ಮಾಡಿದವಳು ಅವಳು. ಹಾಲು ಉಕ್ಕುವ ಮೊದಲು ಯಾವ ಸದ್ದು ಮಾಡುತ್ತದೆಂದು ಗೊತ್ತಿದ್ದಂತೆ ಯಾವುದು ಟಿಕ್ಕು, ಯಾವುದು ಕುಂಯ್ ಎಂಬುದೂ ಗೊತ್ತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮನೆಯ ಹಳೇ ಗಾಡಿಯ ಮೇಲೆ ಅಭ್ಯಾಸ ಮಾಡಿದರು. ಸುಮ್ಮನೆ ಕೂತು ದಿಟ್ಟಿಸಿದರೆ ಜನರಿಗೆ ಅನುಮಾನ ಬರುತ್ತದೆ, ಅದಕ್ಕೆ ಸೊಪ್ಪು ಬಿಡಿಸುವುದೋ ಅಕ್ಕಿ ಆರಿಸುವುದೋ ಕೈಯಲ್ಲಿ ಏನಾದರೂ ಕೆಲಸವಿರಬೇಕು. ಟಿಕ್ ಟಿಕ್ ನಿಂತ ಕೂಡಲೇ ಅವಳು ಕೈ ನಿಲ್ಲಿಸಬೇಕು. ಅಷ್ಟೇ. ಅದಕ್ಕಿಂತ ಹೆಚ್ಚಿನ ಸನ್ನೆ ಬೇಕಾದೀತೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೂರು ವರ್ಷ ಬೇಕಾಗಲೂ ಇಲ್ಲ. ಈ ಮೂರು ವರ್ಷ ಅವರ ಮನೆಯವರಷ್ಟು ಕಲ್ಲಿಲ್ಲದ ಅನ್ನವನ್ನು ಚಿತ್ತವಾಡ್ಗಿಯಲ್ಲಿ ಯಾರೂ ಉಂಡಿರಲಿಕ್ಕಿಲ್ಲ.

ಕ್ಯಾಂಟೀನಿನವನು ಹೋದ ಮರುದಿನ ವಿದ್ಯಾಧೀಶಾಚಾರ್ಯರು ಬಂದರು. ಹಂಪಿಯ ದಾರಿಯಲ್ಲಿ ಒಂದು ಸಣ್ಣ ಗುಡಿಯ ಪೂಜೆ ಅವರದು. ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಗಾಡಿಯ ಮೇಲೆ ಹೋಗಿ ಪೂಜೆ ಮುಗಿಸಿ, ಸಂಜೆ ಓಣಿಯ ಹುಡುಗಿಯರಿಗೆ ದೇವರನಾಮ ಹೇಳಿಕೊಡುತ್ತಿದ್ದರು. ಮೆತ್ತನೆಯ ಮನುಷ್ಯ, ಮೆತ್ತನೆಯ ದನಿ. ಕೊಟ್ರಯ್ಯನಿಗೆ ಅವರ ದನಿ ಎಂದರೆ ತುಟಿ ಅಲುಗುವುದಷ್ಟೇ ಆಗಿ ಎಷ್ಟೋ ಕಾಲವಾಗಿತ್ತು.

ಗಾಡಿ ಚಾಲೂ ಮಾಡಿ ನಟ್ಟು ಸಡಿಲಿಸುವ ಹೊತ್ತಿಗೆ ಪಕ್ಕದ ಮನೆಯ ಜಂಬಕ್ಕ ಬಂದು ಚೆನ್ನಬಸಮ್ಮನ ಹತ್ತಿರ ಹೊಸ್ತಿಲ ಮೇಲೆ ಕೂತಳು. ಚೆನ್ನಬಸಮ್ಮ ಶೇಂಗಾ ಸುಲಿಯುತ್ತಿದ್ದಳು.

"ನಮ್ ಸುಕನ್ಯಾ ತವರ್ಮನಿಗೆ ಹೋಗಿ ಹದಿನೈದು ದಿನ ಆತು ತಾಯಿ" ಎಂದಳು ಜಂಬಕ್ಕ ಸೊಸೆಯ ವಿಚಾರ ತೆಗೆದು. "ಫೋನ್ ಮಾಡಿದ್ರ ಎತ್ತವಲ್ಲಳು. ನನ್ ಮಗ ಊಟ ಬಿಟ್ಟು ಕುಂತಾನ." ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅಳುವವಳನ್ನು ಪಕ್ಕದಲ್ಲಿಟ್ಟುಕೊಂಡು ಎಂಜಿನ್ನಿಗೆ ಕಿವಿ ಕೊಡುವುದು ಹೇಗೆ? ಚೆನ್ನಬಸಮ್ಮ ಅವಳ ಕಡೆ ತಿರುಗಿ ಸಮಾಧಾನ ಹೇಳಿದಳು. ಟಿಕ್ ಟಿಕ್ ನಿಂತುಹೋಯಿತು. ಅವಳ ಕೈ ಶೇಂಗಾ ಸುಲಿಯುತ್ತಲೇ ಇತ್ತು.

ಚೈನು ಭಾಳ ಸವೆದಿದೆ ಎಂದುಕೊಂಡ ಕೊಟ್ರಯ್ಯ. ಮತ್ತೆ ತಿರುವಿದ. ಕೈ ನಿಲ್ಲಲಿಲ್ಲ. ಮತ್ತೆ ತಿರುವಿದ. ಅರ್ಧ ಸುತ್ತು ದಾಟಿರಬೇಕು, ಆಗ ಎಂಜಿನ್ನಿನೊಳಗಿಂದ ಕುಂಯ್ ಎಂಬ ಎಳೆ ಎದ್ದಿತು. ಚೆನ್ನಬಸಮ್ಮ ಬೆಚ್ಚಿದಳು. ಕೈಯಲ್ಲಿದ್ದ ಶೇಂಗಾ ಹಾಗೆಯೇ ಉಳಿಯಿತು. ಕೊಟ್ರಯ್ಯ ಅದನ್ನು ಕಂಡು ನಟ್ಟು ಬಿಗಿದ.

ಹಿಂದಕ್ಕೆ ತಿರುವು ಎನ್ನಬೇಕು. ಅದಕ್ಕೆ ಅವರಲ್ಲಿ ಸನ್ನೆಯಿರಲಿಲ್ಲ. ಅವಳು ಎದ್ದು ನಿಂತಳು. "ಇನ್ನೊಮ್ಮಿ ನೋಡು" ಎಂದಳು ಮೆಲ್ಲಗೆ. ಗಂಡನಿಗೆ ಕೇಳಿಸಲಿಲ್ಲ. ಕೇಳಿಸುವಂತೆ ಕೂಗಿದರೆ ಜಂಬಕ್ಕನಿಗೂ ಆಚಾರ್ಯರಿಗೂ ಕೇಳಿಸುತ್ತದೆ. ಜಂಬಕ್ಕ ಅಳುವುದನ್ನು ಎಷ್ಟು ಬೇಗ ನಿಲ್ಲಿಸಬಲ್ಲಳು, ಕೇಳಿದ್ದನ್ನು ಎಷ್ಟು ಬೇಗ ಓಣಿಗೆಲ್ಲ ಹಂಚಬಲ್ಲಳು ಎಂಬುದು ಚೆನ್ನಬಸಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಅಷ್ಟರಲ್ಲಿ ಆಚಾರ್ಯರು ಪೂಜೆಯ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಹೊರಟುಬಿಟ್ಟಿದ್ದರು.

ಆಮೇಲೆ ಹೇಳಿದರಾಯಿತು, ಫೋನು ಮಾಡಿ ವಾಪಸು ಕರೆಸಿದರಾಯಿತು ಎಂದುಕೊಂಡಳು. ಕೊಟ್ರಯ್ಯ ಕೈ ಒರೆಸಿಕೊಳ್ಳುತ್ತ ಖುಷಿಯಲ್ಲಿ ಒಳಗೆ ಬಂದ. "ಭಾಳ ಸವದಿತ್ತು. ಆದ್ರೂ ಹದಕ್ಕ ಕೂಡ್ತು ನೋಡು. ಚಾ ಮಾಡು" ಎಂದ. ಅವಳು ಚಹಾ ಮಾಡಿದಳು. ಆ ಮುಖ ನೋಡಿ ಹೇಳುವ ಮನಸ್ಸಾಗಲಿಲ್ಲ. ಎರವಲು ತಂದ ಕಿವಿಯೂ ತಪ್ಪುತ್ತದೆ ಎಂದು ಗೊತ್ತಾದರೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಾನು ಎಂದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಸಂಜೆ ಹೇಳೋಣವೆಂದುಕೊಂಡಳು. ಮರುದಿನಕ್ಕೆ ಅದು ಇನ್ನೂ ಕಷ್ಟವಾಯಿತು.

ನಾಲ್ಕನೆಯ ದಿನ ಆಚಾರ್ಯರು ತಾವೇ ಬಂದರು. ಶೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು.

"ಮೇಸ್ತ್ರಿ, ಒಂದು ಸಣ್ಣ ನಾದ ಬರ್ಲಿಕ್ಕೆ ಹತ್ತೇದ. ಕೊಳಲಿನ ಮ್ಯಾಲಿನ ಸ್ವರ ಇದ್ದಂಗ ಅದ. ಮೊದಲ ಇರ್ಲಿಲ್ಲ."

ಎರಡನೆಯ ಸಲ ಜೋರಾಗಿ ಹೇಳಿದ ಮೇಲೆ ಕೊಟ್ರಯ್ಯ ಬಗ್ಗಿ, ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ. ಹಳೆಯ ಕಾಲದಲ್ಲಿ ಹೀಗೆ ಮಾಡಿದರೆ ಎಂಜಿನ್ನು ತನ್ನ ಮನೆಕಥೆಯನ್ನೆಲ್ಲ ಹೇಳುತ್ತಿತ್ತು. ಈಗ ಧಗ್ ಧಗ್ ಎಂಬ ನಡುಕವಷ್ಟೇ ಎಲುಬಿಗೆ ಬಂತು. ಅವನು ಹೊಸ್ತಿಲ ಕಡೆ ನೋಡಿದ. ಚೆನ್ನಬಸಮ್ಮನ ಮೊರದಲ್ಲಿ ಅಕ್ಕಿಯಿತ್ತು. ಅವಳ ಕೈ ಆಡುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಒಂದೇ ಕಾಳನ್ನು ಬೆರಳ ನಡುವೆ ಹೊರಳಿಸುತ್ತಿತ್ತು. ಅದಕ್ಕೆ ಏನರ್ಥವೆಂದು ಅವನಿಗೆ ತಿಳಿಯಲಿಲ್ಲ. ಏನೂ ಇಲ್ಲವೆಂದೇ ತಿಳಿದುಕೊಂಡ.

"ಏನೂ ಇಲ್ರಿ ಆಚಾರ್ರ."

"ಅದ ಮೇಸ್ತ್ರಿ. ಇನ್ನೊಮ್ಮೆ ಕೇಳು."

"ದಿನಾ ತಾಳ ತಂಬೂರಿ ಕೇಳೋರು ನೀವು. ಅದ ನಿಮ್ ಕಿವ್ಯಾಗ ಗುಂಯ್ ಅನ್ನಕತ್ತಿರತೈತಿ" ಎಂದ ಕೊಟ್ರಯ್ಯ. ಗಿರಾಕಿಗಳಿಬ್ಬರೂ ನಕ್ಕರು.

ಜಗಳ ಆಡುವುದು ಆಚಾರ್ಯರ ಜಾಯಮಾನದಲ್ಲೇ ಇರಲಿಲ್ಲ. ಅವರೂ ನಕ್ಕು, ಹೊಸ್ತಿಲ ಮೇಲಿದ್ದವಳ ಕಡೆ ತಿರುಗಿ ಸಹಜವಾಗಿ ಕೇಳಿದರು. "ಇರ್ಲಿ. ಅಮ್ಮಾ, ನೀವ ಹೇಳ್ರಿ. ನಿಮಗ ಕೇಳಸ್ತದೋ ಇಲ್ಲೋ?"

ಎಲ್ಲರೂ ಅವಳ ಕಡೆ ತಿರುಗಿದರು. ಕೊಟ್ರಯ್ಯನೂ ತಿರುಗಿದ. ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಿಳ್ಳು ಅವಳ ಕಿವಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಹೌದು ಎಂದರೆ ಏನಾಗುತ್ತದೆ? ಹೊಸ್ತಿಲ ಮೇಲೆ ಕೂತ ಹೆಂಗಸಿಗೆ ಕೇಳಿದ್ದು ಎಂಜಿನ್ನಿಗೆ ತಲೆ ಹಚ್ಚಿ ಕೂತ ಮೇಸ್ತ್ರಿಗೆ ಯಾಕೆ ಕೇಳಲಿಲ್ಲ ಎಂದು ಈ ಇಬ್ಬರು ಯೋಚಿಸುತ್ತಾರೆ. ಸಂಜೆಯೊಳಗೆ ಕಂಪ್ಲಿಯ ತನಕ ಸುದ್ದಿ ಮುಟ್ಟುತ್ತದೆ. ಕಿವಿ ಮೇಸ್ತ್ರಿ ಎಂದವರೇ ಕಿವುಡ ಮೇಸ್ತ್ರಿ ಎನ್ನುತ್ತಾರೆ. ಈ ಶೆಡ್ಡಿಗೆ ಆಮೇಲೆ ಬಾಗಿಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

"ಇಲ್ರಿ ಸ್ವಾಮಿ" ಎಂದಳು. "ನಂಗೇನೂ ಕೇಳ್ಸವಲ್ದು."

"ಹಂಗಂದ್ರ ನನ್ನ ಕಿವೀದ ದೋಷ ಇರ್ಬೇಕು ಬಿಡ್ರಿ" ಎಂದು ಆಚಾರ್ಯರು ಗಾಡಿ ಹತ್ತಿದರು.

ಅಂದು ಇಡೀ ದಿನ ಕೊಟ್ರಯ್ಯ ಹುರುಪಿನಲ್ಲಿದ್ದ. ಊಟಕ್ಕೆ ಕೂತಾಗ ಆಚಾರ್ಯರ ಸ್ವರ, ಕೊಳಲು ಎಂದೆಲ್ಲ ನೆನೆಸಿಕೊಂಡು ನಕ್ಕ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಚೆನ್ನಬಸಮ್ಮ ಬಡಿಸಿದಳು. ತಾನು ಎರಡು ತುತ್ತು ಉಂಡು ಎದ್ದಳು.

ಮೂರನೆಯ ವಾರ ಫೋನು ಬಂತು. ಆ ಮನೆಯಲ್ಲಿ ಫೋನು ಎತ್ತುತ್ತಿದ್ದವಳು ಯಾವಾಗಲೂ ಅವಳೇ.

"ಅಮ್ಮಾ, ನಾನು ವಿದ್ಯಾಧೀಶ. ನಿನ್ನೆ ಗಾಡಿ ಕಡ್ಡಿರಾಂಪುರದ ಹತ್ರ ಖಟ್ ಅಂತ ನಿಂತ್ಬಿಡ್ತು. ಅಲ್ಲೇ ಒಬ್ಬನ ಕಡೆ ಬಿಚ್ಚಿಸಿದೆ. ಒಳಗ ಚೈನು ಹರದದ, ವಾಲ್ವು ಬಾಗ್ಯಾವ, ಪಿಸ್ಟನ್ ತೂತು ಬಿದ್ದದ. ಇನ್ನ ಅದು ಏಳೂ ಗಾಡಿ ಅಲ್ಲ ಅಂದ." ಆಚಾರ್ಯರ ದನಿಯಲ್ಲಿ ಸಿಟ್ಟಿರಲಿಲ್ಲ. "ಬೋಲ್ಟು ಅತೀ ಬಿಗಿ ಮಾಡ್ಯಾರ ಅಂತಂದ ಅಂವ. ನಾ ಒಪ್ಪಲಿಲ್ಲ. ಕೊಟ್ರಯ್ಯನ ಕೈಯಾಗ ಹಂಗ ಆಗೂದ ಸಾಧ್ಯ ಇಲ್ಲಪಾ, ಅವರ ಮನಿಯವ್ರೂ ಸಪ್ಪಳ ಇಲ್ಲ ಅಂತ ಹೇಳ್ಯಾರ, ಚೈನು ಹಳೇದಿತ್ತು ಅಷ್ಟ ಅಂತ ಹೇಳಿದೆ. ಅಂವ ಬ್ಯಾರೆ ಯಾರ ಮುಂದರ ಏನರ ಅಂದಾನಂತ ನಿಮಗ ತಿಳಿಸಿದೆ. ಮೇಸ್ತ್ರಿ ಮನಸಿಗೆ ಹಚ್ಕೋಬಾರ್ದು."

ಅವಳು ಫೋನು ಕಿವಿಯಿಂದ ತೆಗೆಯದೆ ಹೊಸ್ತಿಲ ಮೇಲೆ ಕೂತಳು. ಕೊಟ್ರಯ್ಯ ಪಾನಾ ಕೆಳಗಿಟ್ಟು ಬಂದ. "ಏನಂತ?" ಎಂದ.

ಏನಾದರೂ ಒಂದು ಹೇಳಿಬಿಡಬಹುದಿತ್ತು. ಅವಳಿಗೆ ಸುಳ್ಳು ಸಾಕಾಗಿತ್ತು. ಆಚಾರ್ಯರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವನ ಕಿವಿಗೆ ಜೋರಾಗಿ ಹೇಳಿದಳು. ಪಕ್ಕದ ಮನೆಗೆ ಕೇಳುತ್ತದೆಂಬ ಎಗ್ಗೂ ಆ ಹೊತ್ತಿನಲ್ಲಿ ಉಳಿದಿರಲಿಲ್ಲ.

ಕೊಟ್ರಯ್ಯ ಕೈಯ ಎಣ್ಣೆ ಒರೆಸಿಕೊಂಡ. "ಅವತ್ತು ಸಪ್ಪಳ ಇತ್ತೇನು?" ಎಂದ.

"ಇತ್ತು."

"ನಿಂಗ ಕೇಳ್ಸಿತ್ತು."

"ಕೇಳ್ಸಿತ್ತು. ಮದಲನೇ ದಿನಾನೂ ಕೇಳ್ಸಿತ್ತು. ಜಂಬಕ್ಕ ಅಳಕತ್ತಿದ್ಲು, ನನ್ನ ಕೈ ಟೈಮಿಗೆ ನಿಂದರ್ಲಿಲ್ಲ. ತಪ್ಪು ನಂದ."

"ಮತ್ಯಾಕ ಇಲ್ಲ ಅಂದಿ?"

"ನಾಕ್ ಮಂದಿ ಮುಂದ ನಿನ್ನ ಕಿವುಡ ಅನ್ನಿಸಬೇಕಾಗಿತ್ತೇನು ನಾನು?"

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಹಿಂಗ ಎಷ್ಟ್ ಸಲ ಮಾಡಿದಿ?" ಎಂದು ಕೇಳಿದ.

"ಇದೊಂದ ಸಲ. ನಿನ್ನಾಣಿ."

ಅವನು ನಂಬಿದ. ಅವಳು ಆಣೆ ಮಾಡಿ ಸುಳ್ಳು ಹೇಳುವವಳಲ್ಲ. ಆದರೂ ಈ ಮೂರು ವರ್ಷ ಅವನು ತಿರುವಿದ ಒಂದೊಂದು ಗಾಡಿಯೂ ಕಣ್ಣ ಮುಂದೆ ಬಂತು. ಎಲ್ಲಿ ಅವಳ ಕೈ ಸಪ್ಪಳಕ್ಕೆ ನಿಂತಿತ್ತು, ಎಲ್ಲಿ ತನ್ನ ಮೇಲಿನ ಕರುಣೆಗೆ ನಿಂತಿತ್ತು? ಅವಳು ಹೇಳಿದ್ದೇ ಗತಿ. ಅದು ಮೊದಲಿನಿಂದಲೂ ಹಾಗೆಯೇ ಇತ್ತು. ಅವನು ಈಗ ಕಂಡನಷ್ಟೆ.

ಮರುದಿನ ಅಂಗಿ ತೊಟ್ಟು ಆಚಾರ್ಯರ ಓಣಿಗೆ ಹೋದ. ತಪ್ಪು ಒಪ್ಪಿಕೊಳ್ಳಬೇಕು, ಎಂಜಿನ್ನು ತಾನೇ ಮಾಡಿಕೊಡುತ್ತೇನೆಂದು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಹಂಪಿಯ ಬಸ್ಸಿಳಿದ ಆಚಾರ್ಯರು ಪೂಜೆಯ ಚೀಲ ಹಿಡಿದು ಬಿಸಿಲಲ್ಲಿ ನಡೆದು ಬರುತ್ತಿದ್ದರು. ಅವನನ್ನು ಕಂಡು ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಓಣಿಯಲ್ಲಿ ಆಟೋಗಳು ಓಡಾಡುತ್ತಿದ್ದವು. ಕೊಟ್ರಯ್ಯನಿಗೆ ಒಂದು ಅಕ್ಷರವೂ ಕೇಳಲಿಲ್ಲ. ಜೋಡಿಸಿಕೊಂಡ ಮಾತು ಆಡಲು ಬಾಯಿ ತೆರೆದರೆ ಆಚಾರ್ಯರು ಬೇಡ ಬೇಡವೆಂದು ತಲೆಯಾಡಿಸುತ್ತ ಮತ್ತೇನೋ ಹೇಳಿದರು. ಅವರ ಕಣ್ಣಿನಲ್ಲಿದ್ದದ್ದು ಅಕ್ಕರೆ, ಅದಂತೂ ಕಾಣುತ್ತಿತ್ತು. ಆಗ ಅವನಿಗೆ ಗೊತ್ತಿಲ್ಲದೆ ಆ ಹಳೆಯ ನಗು ಮುಖಕ್ಕೆ ಬಂದುಬಿಟ್ಟಿತು. ಆಚಾರ್ಯರೂ ನಕ್ಕು ಮನೆಯೊಳಗೆ ಹೋದರು. ಕೊಟ್ರಯ್ಯ ತಿರುಗಿ ಬಂದು ಶೆಡ್ಡಿನ ಶಟರು ಎಳೆದ.

ಮೂರು ದಿನ ಶಟರು ಎತ್ತಲಿಲ್ಲ. ಚೆನ್ನಬಸಮ್ಮನ ಗತಿ ಬೇರೆಯೇ ಆಗಿತ್ತು. ರಸ್ತೆಯಲ್ಲಿ ಹೋಗುವ ಯಾವ ಗಾಡಿಯಲ್ಲೂ ಅವಳಿಗೆ ಆ ಸಣ್ಣ ಕುಂಯ್ ಕೇಳಿಸುತ್ತಿತ್ತು. ಫ್ಯಾನಿನಲ್ಲಿ ಕೇಳುತ್ತಿತ್ತು, ನೀರಿನ ಮೋಟರಿನಲ್ಲಿ ಕೇಳುತ್ತಿತ್ತು, ಏನೂ ಇಲ್ಲದಾಗಲೂ ಕೇಳುತ್ತಿತ್ತು. ಯಾವುದು ನಿಜವಾದ ಸಿಳ್ಳು, ಯಾವುದು ತನ್ನ ತಲೆಯೊಳಗಿನದು ಎಂದು ಬೇರೆ ಮಾಡಲು ಅವಳು ಎರಡೂ ಕಿವಿ ಮುಚ್ಚಿಕೊಂಡು ನೋಡಿದಳು. ಮುಚ್ಚಿದರೂ ಇತ್ತು. ಇದನ್ನು ಗಂಡನಿಗೆ ಹೇಳಲಿಲ್ಲ. ಹೇಳಿ ಮಾಡುವುದಾದರೂ ಏನು?

ನಾಲ್ಕನೆಯ ದಿನ ಬೆಳಿಗ್ಗೆ ಕಂಪ್ಲಿಯಿಂದ ಅಂಜಿನೇಯ ಬಂದ. ಹೋಟೆಲುಗಳಿಗೆ ಬಾಳೆಎಲೆ ಹಾಕುವವನು, ಹಳೆಯ ಗಿರಾಕಿ. ಶಟರು ಬಡಿದು ಬಡಿದು ಕೊನೆಗೆ ಮನೆಯ ಬಾಗಿಲಿಗೇ ಬಂದು ಕೂಗಿದ.

"ಮೇಸ್ತ್ರಿ, ಟಿಕ್ ಟಿಕ್ ಭಾಳ ಜೋರಾಗೈತಿ. ಜಲ್ದಿ ಒಂಚೂರು ತಿರುವಿ ಕೊಡ್ರಿ. ನಾಳಿ ಲಗ್ನದ ಎಲಿ ಒಯ್ಯಬೇಕು."

"ಬ್ಯಾರೆ ಕಡಿ ಹೋಗಪ. ನಾ ಬಿಟ್ಟೀನಿ" ಎಂದ ಕೊಟ್ರಯ್ಯ.

"ಎಲ್ಲಿ ಹೋಗ್ಲಿ?" ಅಂಜಿನೇಯ ದನಿಯೇರಿಸಿದ. "ಮೂರ್ ಮಂದಿ ಹತ್ರ ಹೋಗಿ ಬಂದೀನಿ. ಇದು ಕೊಟ್ರಯ್ಯನ ಬೋಲ್ಟು, ನಾವು ಮುಟ್ಟಲ್ಲ ಅಂತಾರ. ನೀವ ಹಾಕಿದ್ದು, ನೀವ ನೋಡ್ಬೇಕು."

ಅದೂ ನಿಜವೇ. ಸ್ಪ್ರಿಂಗು ಕಿತ್ತೆಸೆದು ಇಡೀ ತಾಲೂಕಿಗೆ ತನ್ನ ಬೋಲ್ಟು ಕೂಡಿಸಿದವನು ಅವನೇ. ಅವು ಎಷ್ಟು ಗಾಡಿಯಲ್ಲಿವೆಯೋ, ಎಲ್ಲವೂ ಒಂದೊಂದಾಗಿ ಈ ಬಾಗಿಲಿಗೆ ಬರುವವೇ. ಕೊಟ್ರಯ್ಯ ಶಟರು ಎತ್ತಿದ. ಗಾಡಿ ಒಳಗೆ ತೆಗೆದುಕೊಂಡು ಚಾಲೂ ಮಾಡಿಸಿದ. ಧಗ್ ಧಗ್ ಎಂಬುದಷ್ಟೇ ಅವನಿಗೆ ಬಂತು. ನಟ್ಟು ಸಡಿಲಿಸಿದ.

ಕರೆಯದಿದ್ದರೂ ಚೆನ್ನಬಸಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ಸೊಪ್ಪು, ಅಕ್ಕಿ ಏನನ್ನೂ ತಂದಿರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು. ಬೋಲ್ಟು ಮುಟ್ಟುವ ಮೊದಲೇ ಅವಳ ಕಿವಿಯಲ್ಲಿ ಆ ಕುಂಯ್ ಇತ್ತು.

ಕೊಟ್ರಯ್ಯ ಬೋಲ್ಟನ್ನು ಕೂದಲೆಳೆಯಷ್ಟು ತಿರುವಿ ಅವಳ ಕಡೆ ನೋಡಿದ. ಅವಳು ಎಂಜಿನ್ನಿಗೆ ಕಿವಿ ಕೊಟ್ಟಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಸಾಕೇ, ಇನ್ನೂ ಬೇಕೇ ಎಂದು ಕೇಳುವವಳಂತೆ. ಅವನು ಇನ್ನೊಂದು ಎಳೆ ತಿರುವಿದ. ಅವಳ ಕಣ್ಣು ಅಲ್ಲಿಂದ ಕದಲಲಿಲ್ಲ.

ಅಂಜಿನೇಯ ಟ್ಯಾಂಕಿನ ಮೇಲೆ ಕೈಯೂರಿ, ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡುತ್ತ, ಇಬ್ಬರಲ್ಲಿ ಯಾರಾದರೂ ಆಯಿತು ಎನ್ನಲೆಂದು ಕಾಯುತ್ತಿದ್ದ. ಗಾಡಿ ಓಡುತ್ತಲೇ ಇತ್ತು.